ಈ ವರ್ಷ ಜಿಂಕೆ ಜಾಸ್ತಿ

ನೆಲ್ಡಾ ಕ್ವೆಸೆನ್ಬೆರಿಯ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಮೊದಲು ಕಾಣುವುದು ಬಟ್ಟೆ ಒಣಹಾಕುವ ತಂತಿ. ಅದರಾಚೆ ಅವಳ ಗಂಡ ಹಾರ್ಲೆಸ್‌ನ ಬಟಾಣಿ ಪಾತಿ, ಅದರಾಚೆ ಸೀಳಿದ ದಿಮ್ಮಿಗಳ ಅಡ್ಡಬೇಲಿ. ಬೇಲಿಯ ಆಚೆಗೆ ಪಾರ್ಕ್‌ವೇ. ಬ್ಲೂ ರಿಡ್ಜ್ ಬೆಟ್ಟಸಾಲಿನ ನೆತ್ತಿ ಹಿಡಿದುಕೊಂಡು ವರ್ಜೀನಿಯಾದ ಮೇಲ್ತುದಿಯಿಂದ ಕ್ಯಾರೊಲೈನಾದ ಚೆರೋಕೀ ಊರಿನವರೆಗೆ ಸುತ್ತಿ ಸುತ್ತಿ ಹೋಗುವ ದಾರಿ ಅದು. ಲಾರಿಗಳಿಗೆ ಪ್ರವೇಶವಿಲ್ಲ. ಅಂಗಡಿಯಿಲ್ಲ, ಜಾಹೀರಾತಿನ ಹಲಗೆಯಿಲ್ಲ, ಪೆಟ್ರೋಲ್ ಬಂಕೂ ಇಲ್ಲ. ಬೆಟ್ಟ, ಮಂಜು, ತಿರುವು, ಅಷ್ಟೇ.

ಫ್ಲೋರಿಡಾದವರು, ಒಹಾಯೋದವರು, ಸಮುದ್ರ ದಾಟಿ ಬಂದ ಜರ್ಮನರು ಸಹ ಮೋಟರ್‌ಸೈಕಲ್ಲಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ಬೇಸಿಗೆಯುದ್ದಕ್ಕೂ ನೆಲ್ಡಾ ಪಾತ್ರೆ ತೊಳೆಯುತ್ತ ಅವರನ್ನು ನೋಡಿದ್ದಾಳೆ. ಆದರೆ ಅದೇ ದಾರಿಯ ಪಕ್ಕದಲ್ಲಿ ಹುಟ್ಟಿ, ಅದರ ಪಕ್ಕದಲ್ಲೇ ಮದುವೆಯಾಗಿ, ಅರವತ್ತು ದಾಟಿದ ಅವಳು ಒಮ್ಮೆಯೂ ಪೂರ್ತಿ ಹೋದವಳಲ್ಲ. ಚರ್ಚಿಗೆಂದು ಒಂದು ತುಂಡು, ತಂಗಿಯ ಮನೆಗೆಂದು ಇನ್ನೊಂದು ತುಂಡು, ಎಲೆ ಕೆಂಪಾಗುವ ಕಾಲದಲ್ಲಿ ಮಧ್ಯಾಹ್ನದ ಮಟ್ಟಿಗೆ ಮತ್ತೊಂದು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ. ಶಾಲೆಯ ಬಸ್ಸು ಓಡಿಸುವ ಕೆಲಸದಿಂದ ಹೋದ ವರ್ಷ ನಿವೃತ್ತಳಾದ ದಿನ ಅವಳು ಮನಸ್ಸಿನಲ್ಲೇ ಅಂದುಕೊಂಡಿದ್ದಳು: ಇನ್ನು ತುಂಡು ಸಾಕು. ಒಮ್ಮೆ ಇಡಿಯಾಗಿ ಹೋಗಬೇಕು.

ಏಪ್ರಿಲ್‌ನ ಆ ಶನಿವಾರ ಊಟದ ಮೇಜಿನ ಮೇಲೆ ಅದರ ನಕ್ಷೆ ಹಾಸಿತ್ತು. ಸುತ್ತ ನಾಲ್ವರು ಹೆಂಗಸರು. ಹಾರ್ಲೆಸ್‌ನ ಅಕ್ಕ ಗ್ಲೆನ್ನಾ, ನೆಲ್ಡಾಳ ವಾರಗೆಯವಳೇ, ಶಾಲೆಯಲ್ಲಿ ಒಂದೇ ಬೆಂಚಿನವಳು. ಊರಿನಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡ ಟ್ವೈಲಾ. ಹೋದ ವರ್ಷ ಗ್ಲೆನ್ನಾಳ ಮಗನನ್ನು ಮದುವೆಯಾಗಿ ಸಮುದ್ರದ ಕಡೆಯ ಸಪಾಟು ಸೀಮೆಯಿಂದ ಈ ಬೆಟ್ಟಕ್ಕೆ ಬಂದ ಸೊಸೆ ಶೇಲಾ. ನಾಲ್ವರಿಗೂ ಸ್ವಂತ ಮೋಟರ್‌ಸೈಕಲ್ ಗಾಡಿ. ಗಂಡಸರ ಗುಂಪಿನ ಬೆನ್ನಿಗೆ ಬಾಲದ ಹಾಗೆ ಹೋಗುವುದು ಸಾಕಾಗಿ ಆರು ವರ್ಷದ ಹಿಂದೆ ನೆಲ್ಡಾ ಹೆಂಗಸರದ್ದೇ ಒಂದು ಗುಂಪು ಕಟ್ಟಿದ್ದಳು. ಅಂದಿನಿಂದ ಮುಂದಿನ ಗಾಡಿ ಅವಳದೇ.

"ಜೂನ್‌ನಲ್ಲಿ ಹೊರಡೋದು. ಮೊದಲನೇ ದಿನ ಬೆಳಿಗ್ಗೆ ಹೆದ್ದಾರಿ ಹಿಡಿದು ಮೇಲಿನ ತುದಿಗೆ ಹೋಗೋಣ," ನೆಲ್ಡಾ ನಕ್ಷೆಯ ಮೇಲೆ ಬೆರಳಿಟ್ಟಳು. "ಅಲ್ಲಿಂದ ಪಾರ್ಕ್‌ವೇ ಹತ್ತಿ ಕೆಳಕ್ಕೆ ಬರೋಣ. ನಾಲ್ಕು ದಿನ. ಅವಸರ ಇಲ್ಲ."

"ಅಂದ್ರೆ ಎರಡನೇ ದಿನ ಮಧ್ಯಾಹ್ನ ಈ ಕಿಟಕಿ ಮುಂದೇನೇ ಹಾದು ಹೋಗ್ತೀವಿ," ಅಂದಳು ಗ್ಲೆನ್ನಾ. "ಆ ರಾತ್ರಿ ನಮ್ಮನಮ್ಮನೇಲಿ ಮಲಗಿ ಬೆಳಿಗ್ಗೆ ಹೊರಟ್ರೆ ಯಾರಪ್ಪನ ಗಂಟು ಹೋಗತ್ತೆ? ನಂಗೆ ನನ್ನ ಹಾಸಿಗೆ, ನನ್ನ ಸ್ನಾನದ ತೊಟ್ಟಿ..."

"ಮನೆ ಹೊಕ್ಕವರು ಹೊರಗೆ ಬರಲ್ಲ ಕಣೇ. ನಿನ್ನ ಗಂಡ ನನ್ನ ಕನ್ನಡಕ ಎಲ್ಲಿ ಅಂತಾನೆ. ನಾಯಿ ಬಂದು ಕಾಲು ನೆಕ್ಕತ್ತೆ. ಅಲ್ಲಿಗೆ ಯಾತ್ರೆ ಮುಗೀತು. ಯಾರೂ ನಿಲ್ಲಂಗಿಲ್ಲ. ಹಾರನ್ ಕೂಡ ಹೊಡಿಯಂಗಿಲ್ಲ."

ಪಕ್ಕದ ಕೋಣೆಯಿಂದ ಹಾರ್ಲೆಸ್‌ನ ದನಿ ಬಂತು. "ನಾನು ಬೇಲಿ ಹತ್ರ ನಿಂತು ಕೈ ಬೀಸಬಹುದಾ?"

"ಬೀಸು. ನಾವು ನೋಡಲ್ಲ."

ಟ್ವೈಲಾ ನಕ್ಕು ಐಸ್ ಹಾಕಿದ ಸಿಹಿ ಚಹಾ ಬಗ್ಗಿಸಿಕೊಂಡಳು. "ಪೆಟ್ರೋಲ್ ಕಥೆ ಏನು? ನನ್ನ ಗಾಡಿ ಅಷ್ಟು ದೂರ ತಡ್ಕೊಳಲ್ಲ."

"ನಿಂದು ಟ್ಯಾಂಕಾ ಅದು? ಟೀ ಲೋಟ. ನಿನ್ನೊಬ್ಬಳಿಗೋಸ್ಕರ ಅಲ್ಲಲ್ಲಿ ಬೆಟ್ಟ ಇಳಿದು ಬಂಕ್ ಹುಡುಕಬೇಕು. ಗುರುತು ಹಾಕಿದೀನಿ ನೋಡು, ಇಲ್ಲಿ, ಇಲ್ಲಿ, ಇಲ್ಲಿ."

"ಏನು ಮಾಡ್ಲಿ, ಅದಕ್ಕೆ ನನ್ನ ಮೊದಲನೇ ಗಂಡನ ಸ್ವಭಾವ. ನೋಡಕ್ಕೆ ಚೆಂದ, ದೂರಕ್ಕೆ ಬರಲ್ಲ."

ನೆಲ್ಡಾಳ ಬೆರಳು ನಕ್ಷೆಯ ಮೇಲೆ ಇಳಿಯುತ್ತ ಬಂತು. ಎಲ್ಲಿ ಉಳಿಯುವುದು, ಎಲ್ಲಿ ಉಣ್ಣುವುದು, ಮಳೆ ಹಿಡಿದರೆ ಯಾವ ಕಡೆ ಇಳಿಯುವುದು, ಕ್ಯಾರೊಲೈನಾದ ಕಡೆಯ ಸುರಂಗಗಳನ್ನು ಹೊಗುವ ಮೊದಲು ಎಲ್ಲಿ ನಿಂತು ಕಪ್ಪು ಕನ್ನಡಕ ತೆಗೆಯುವುದು. ಎಲ್ಲ ಅವಳ ತಲೆಯಲ್ಲಿತ್ತು. ತಮ್ಮೂರಿನ ಹತ್ತಿರದ ರಾಕಿ ನಾಬ್ ಗುಡ್ಡದ ಹೆಸರು ಬಂದಾಗ ಮಾತ್ರ ಬೆರಳು ಬಿಸಿ ಹೆಂಚು ಮುಟ್ಟಿದ ಹಾಗೆ ಎದ್ದು, ಆಚೆ ಬಂದು ಕೂತಿತು. ಗ್ಲೆನ್ನಾ ಅದನ್ನು ನೋಡಿದಳು. ನೋಡಿ ಕಿಟಕಿಯ ಕಡೆ ತಿರುಗಿದಳು.

"ಸಾಲು ಹೇಗೆ?" ಶೇಲಾ ಕೇಳಿದಳು.

ನೆಲ್ಡಾ ಮೇಜಿನ ಮೇಲಿದ್ದುದನ್ನೆಲ್ಲ ಎಳೆದುಕೊಂಡಳು. ಮುಂದೆ ಮೆಣಸಿನಪುಡಿಯ ಡಬ್ಬಿ, ಅದು ತಾನು. ಅದರ ಹಿಂದೆ ಉಪ್ಪಿನ ಡಬ್ಬಿ, ಅದು ಶೇಲಾ. ಮೂರನೆಯದು ಖಾರದ ಸಾಸಿನ ಬಾಟಲಿ, ಟ್ವೈಲಾ. ಕೊನೆಗೆ ಸೇಬಿನ ಜಾಮಿನ ದಪ್ಪ ಜಾಡಿ, ಗ್ಲೆನ್ನಾ.

"ಜಾಡೀನೇ ಆಗ್ಬೇಕಿತ್ತಾ ನಾನು?" ಅಂದಳು ಗ್ಲೆನ್ನಾ.

ಈ ಸಾಲಿಗೆ ಒಂದು ನಿಯಮವುಂಟು. ಗಾಡಿ ಓಡಿಸುವವರಿಗೆಲ್ಲ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ. ಗುಂಪಿನಲ್ಲಿ ಯಾರ ಕೈ ಎಲ್ಲರಿಗಿಂತ ಹಿಂಜರಿಯುತ್ತದೋ ಅವರಿಗೆ ಎರಡನೆಯ ಜಾಗ. ಮುಂದಿನವಳ ಕನ್ನಡಿಯಲ್ಲಿ ಸದಾ ಕಾಣುತ್ತಿರಲಿ, ಅವರ ವೇಗವೇ ಎಲ್ಲರ ವೇಗವಾಗಲಿ ಎಂದು. ಕೊನೆಯ ಜಾಗ ಗಟ್ಟಿ ಕೈಯವರದು. ಎರಡನೆಯ ಜಾಗ ಕೊಟ್ಟರೆ ಏನು ಅರ್ಥವೆಂದು ತಿಳಿದು ಬೆಟ್ಟದ ಹುಡುಗಿಯ ಮುಖ ಕೂಡಲೇ ಕೆಂಪಾಗುತ್ತಿತ್ತು. ಶೇಲಾ ಉಪ್ಪಿನ ಡಬ್ಬಿಯನ್ನು ನೋಡಿ, "ಆಯ್ತು, ನಾನು ಉಪ್ಪು," ಎಂದು ಸಂತೋಷದಿಂದ ತಲೆಯಾಡಿಸಿದಳು.

ನೆಲ್ಡಾಳಿಗೆ ಮುಂದೆ ಕೂರುವುದು ಹಮ್ಮಿನ ಮಾತಾಗಿರಲಿಲ್ಲ, ಅಥವಾ ಹಾಗೆಂದು ಅವಳು ನಂಬಿದ್ದಳು. ಮೂವತ್ತು ವರ್ಷ ಅವಳು ಈ ಬೆಟ್ಟದ ಕಚ್ಚಾ ರಸ್ತೆಗಳಲ್ಲಿ ಹಳದಿ ಬಸ್ಸು ಓಡಿಸಿದ್ದಳು. ತಲೆಯ ಮೇಲೆ ಉದ್ದನೆಯ ಕನ್ನಡಿ, ಅದರ ತುಂಬ ಮಕ್ಕಳ ಮುಖಗಳು. ಸೀಟಿನ ಕೆಳಗೆ ಅಡಗಿ ಕೂತವರಿಗೆ ಅವಳ ಮಾತು ಒಂದೇ: "ನೀವು ನಂಗೆ ಕಾಣೋವರೆಗೂ ಬಸ್ಸು ಹೊರಡಲ್ಲ." ಹಿಮ ಬಿದ್ದ ದಿನ, ಹಳ್ಳ ಉಕ್ಕಿದ ದಿನ, ಒಂದೇ ಒಂದು ಮಗುವಿನ ಮೊಣಕಾಲು ತರಚಿರಲಿಲ್ಲ. ಮುಂದೆ ಕೂತು ಹಿಂದಿನವರನ್ನು ನೋಡಿಕೊಳ್ಳುವುದು ಅವಳ ಮೈಗೆ ಉಸಿರಾಟದಂತೆ ಒಗ್ಗಿಹೋಗಿತ್ತು.

ಹೋದ ಅಕ್ಟೋಬರಿನಲ್ಲಿ ರಾಕಿ ನಾಬಿನ ಹತ್ತಿರ, ಮಂಜಿನಲ್ಲಿ, ಒಳಹೋದಷ್ಟೂ ಬಿಗಿಯುತ್ತ ಹೋಗುವ ಒಂದು ತಿರುವಿನಲ್ಲಿ ಅವಳು ಬಿದ್ದಿದ್ದಳು. ದೊಡ್ಡದಾಗೇನೂ ಬಿದ್ದಿರಲಿಲ್ಲ. ಗಾಡಿ ರಸ್ತೆ ಬಿಟ್ಟು ಹುಲ್ಲಿನ ಮೇಲೆ ಹೋಗಿ ನಿಧಾನವಾಗಿ ಮಗ್ಗುಲಿಗೆ ಮಲಗಿತು. ಎಡಗನ್ನಡಿ ಒಡೆಯಿತು, ಅಷ್ಟೇ. ಹಿಂದಿನಿಂದ ಓಡಿಬಂದ ಗ್ಲೆನ್ನಾ ಗಾಡಿ ಎತ್ತಿ ನಿಲ್ಲಿಸಿ, "ಜಲ್ಲಿ ಇತ್ತು ಕಣೇ," ಅಂದಿದ್ದಳು. ಟ್ವೈಲಾ ಕೂಡ ಹೌದು, ಜಲ್ಲಿ, ಅಂದಿದ್ದಳು. ಅಲ್ಲಿ ಜಲ್ಲಿ ಇರಲಿಲ್ಲ.

*

ಮರುದಿನ ಭಾನುವಾರ ಚರ್ಚು ಮುಗಿದ ಮೇಲೆ ನಾಲ್ವರೂ ಪರೀಕ್ಷೆಗೆಂದು ಹೊರಟರು. ಡಬ್ಬಿಗಳನ್ನು ಜೋಡಿಸಿದ ಸಾಲಿನಲ್ಲೇ. ದಾರಿಯ ಪಕ್ಕದ ಡಾಗ್‌ವುಡ್ ಮರಗಳು ಬಿಳಿ ಹೂ ಬಿಟ್ಟಿದ್ದವು. ಎದುರಿನಿಂದ ಬಂದ ಅಪರಿಚಿತ ಸವಾರರು ಎಡಗೈ ಇಳಿಬಿಟ್ಟು ಎರಡು ಬೆರಳಿನ ಸಲಾಮು ತೋರಿಸಿ ಹೋಗುತ್ತಿದ್ದರು, ಇವರೂ ತೋರಿಸುತ್ತಿದ್ದರು. ನೆಲ್ಡಾಳ ಕನ್ನಡಿಯಲ್ಲಿ ಶೇಲಾಳ ನೀಲಿ ಹೆಲ್ಮೆಟ್ಟು ಒಂದೇ ಸಮ ಕಾಣುತ್ತಿತ್ತು. ಹಿಂದೆ ಬೀಳಲಿಲ್ಲ, ಮುಂದೆ ನುಗ್ಗಲಿಲ್ಲ. ಪರವಾಗಿಲ್ಲವೇ ಹುಡುಗಿ, ಅಂದುಕೊಂಡಳು ನೆಲ್ಡಾ.

ತಿರುವುಗಳು ಬಂದವು, ಹೋದವು. ಅವಳ ಬಲಗಾಲು ಅಲ್ಲಲ್ಲಿ ಏನೋ ಮಾಡುತ್ತಿತ್ತು. ಅದನ್ನು ಅವಳು ಗಮನಿಸಲಿಲ್ಲ. ಗಮನಿಸಬಾರದೆಂದು ಗಮನಿಸಲಿಲ್ಲ.

ದಾರಿಯಿಂದ ಕೆಳಗಿಳಿದರೆ ಬಕ್‌ವೀಟ್ ಹಿಟ್ಟಿನ ದೋಸೆಗೆ ಹೆಸರಾದ ಒಂದು ಹಳೆಯ ಉಪಾಹಾರ ಮಂದಿರ. ನಾಲ್ವರೂ ಹೆಲ್ಮೆಟ್ಟುಗಳನ್ನು ಬೆಂಚಿನ ಮೇಲಿಟ್ಟು ಕೂತರು. ಶೇಲಾ ಮೇಪಲ್ ಪಾಕ ಸುರಿದುಕೊಳ್ಳುತ್ತ, ಮುಖದಲ್ಲಿ ಯಾವ ಕಪಟವೂ ಇಲ್ಲದೆ ಕೇಳಿದಳು.

"ನೆಲ್ಡಾ ಅತ್ತೆ, ಆ ದೊಡ್ಡ ಬಂಡೆ ಇತ್ತಲ್ಲ, ಅಲ್ಲಿ ತಿರುವಲ್ಲಿ ಜಿಂಕೆ ಬಂತಾ?"

"ಜಿಂಕೆ?"

"ತಿರುವಿನ ಮಧ್ಯದಲ್ಲಿ ಬ್ರೇಕ್ ಹಾಕಿದ್ರಲ್ಲ. ನಿಮ್ಮ ಕೆಂಪು ದೀಪ ಹತ್ತಿತು. ನಾನೂ ಹಾಕ್ಬಿಟ್ಟೆ. ವಾಲಿದ್ದ ಗಾಡಿ ನೆಟ್ಟಗೆ ಎದ್ದು ರಸ್ತೆ ನಡುವಿನ ಗೆರೆ ದಾಟ್ಬಿಡ್ತು, ಎದೆ ಧಸಕ್ ಅಂತು. ಜಿಂಕೆ ಬಂದಿರ್ಬೇಕು ಅಂದ್ಕೊಂಡೆ."

ಗ್ಲೆನ್ನಾ ತಟ್ಟೆಯ ಮೇಲೆ ಬಗ್ಗಿದಳು.

"ಹೂಂ," ಅಂದಳು ನೆಲ್ಡಾ. "ಜಿಂಕೆ."

"ಅದರ ಮುಂದಿನ ತಿರುವಲ್ಲೂ?"

ಟ್ವೈಲಾ ಕೈಯೊರೆಸುವ ಕಾಗದಕ್ಕಾಗಿ ಅತ್ತಿತ್ತ ಹುಡುಕಿದಳು. "ಈ ವರ್ಷ ಜಿಂಕೆ ಜಾಸ್ತಿ," ಎಂದಳು. "ನನ್ನ ಅಂಗಡಿಗೆ ಬರೋರೆಲ್ಲ ಅದೇ ಹೇಳ್ತಾರೆ."

"ಜಾಸ್ತಿ," ಅಂದಳು ಗ್ಲೆನ್ನಾ, ತಟ್ಟೆಯಿಂದ ಕಣ್ಣೆತ್ತದೆ. "ಚಳಿ ಕಡಿಮೆ ಇತ್ತಲ್ಲ. ಅದಕ್ಕೆ."

ಶೇಲಾ ಒಬ್ಬೊಬ್ಬರ ಮುಖ ನೋಡಿದಳು. ಸಪಾಟು ಸೀಮೆಯವಳಾದರೂ ದಡ್ಡಿಯಲ್ಲ. "ನಾನು ಒಂದೂ ನೋಡ್ಲಿಲ್ಲ," ಎಂದು ಮೆಲ್ಲಗೆ ಹೇಳಿ ದೋಸೆ ಮುರಿದಳು.

ವಾಪಸಾಗುವಾಗ ನೆಲ್ಡಾ ಬಲಗಾಲಿನ ಮೇಲೆ ಕಾವಲು ಹಾಕಿದಳು. ಬಲಕ್ಕೆ ತಿರುವು ಬಂತು, ಕಾಲು ಸುಮ್ಮನಿತ್ತು. ಎಡಕ್ಕೆ ಬಂತು, ಸುಮ್ಮನಿತ್ತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಬಿಗಿಯುವ ತಿರುವೊಂದು ಬಂತು. ಅವಳು ಬೇಡ ಬೇಡ ಅನ್ನುತ್ತಿದ್ದಂತೆ ಕಾಲು ತನ್ನಷ್ಟಕ್ಕೆ ಇಳಿದು ಬ್ರೇಕ್ ಒತ್ತಿತು. ಕನ್ನಡಿಯಲ್ಲಿ ನೀಲಿ ಹೆಲ್ಮೆಟ್ಟು ಒಮ್ಮೆ ಓಲಾಡಿ ಸರಿಯಾಯಿತು. ಈಗ ಶೇಲಾ ಮೊದಲಿಗಿಂತ ಬಹಳ ಹಿಂದೆ ಬರುತ್ತಿದ್ದಳು. ಹುಡುಗಿ ಹೆದರಿ ಹಿಂದೆ ಬಿದ್ದದ್ದಲ್ಲ. ನೆಲ್ಡಾಳಿಂದ ದೂರ ಉಳಿಯಲು ಕಲಿತಿದ್ದಳು.

*

ಸಂಜೆ ಹಾರ್ಲೆಸ್ ಹಿತ್ತಲ ಮೆಟ್ಟಿಲ ಮೇಲೆ ಕೂತು ಗುದ್ದಲಿಗೆ ಸಾಣೆ ಹಿಡಿಯುತ್ತಿದ್ದ. ನೆಲ್ಡಾ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

"ಗ್ಲೆನ್ನಾ ಫೋನ್ ಮಾಡಿದ್ಲು," ಅಂದ ಅವನು.

"ಏನಂತೆ?"

"ಏನಿಲ್ಲ. ಈ ವರ್ಷ ಜಿಂಕೆ ಜಾಸ್ತಿಯಂತೆ. ಹುಷಾರಾಗಿರ್ಬೇಕಂತೆ."

ನೆಲ್ಡಾ ದಿಂಬಿನ ಚೀಲ ಮಡಿಸಿದಳು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು.

ಹಾರ್ಲೆಸ್ ಗುದ್ದಲಿಯ ಬಾಯಿಗೆ ಹೆಬ್ಬೆರಳು ಸವರಿ ನೋಡಿದ. "ಆಶ್ಚರ್ಯ," ಅಂದ. "ನನ್ನ ಬಟಾಣಿ ಪಾತೀಲಿ ಒಂದೆಲೆ ಹೋಗಿಲ್ಲ."

ಅವನು ಅಷ್ಟಕ್ಕೇ ನಿಲ್ಲಿಸಿದ. ಈ ಬೆಟ್ಟದ ಜನ ಹಾಗೆಯೇ. ಒಬ್ಬರ ಮುಖಕ್ಕೆ ಹೊಡೆದಂತೆ ಏನನ್ನೂ ಹೇಳುವುದಿಲ್ಲ. ಸತ್ಯವನ್ನು ಬೇಲಿಯ ಹತ್ತಿರ ತಂದಿಟ್ಟು, ಬೇಕಾದರೆ ಎತ್ತಿಕೊಳ್ಳಿ ಎಂದು ಬೆನ್ನು ತಿರುಗಿಸಿ ಹೋಗುತ್ತಾರೆ. ನೆಲ್ಡಾ ತಾನೂ ಎಷ್ಟು ಮಂದಿಗೆ ಹಾಗೆ ಮಾಡಿದ್ದಾಳೋ. ಆ ಸಂಜೆ ಮಾತ್ರ ಅವಳಿಗೆ ಆ ಸಭ್ಯತೆ ನುಂಗಲಾರದ ತುತ್ತಾಯಿತು. ಎಲ್ಲರಿಗೂ ಗೊತ್ತಿತ್ತು. ಅಕ್ಟೋಬರಿನಿಂದಲೂ ಗೊತ್ತಿತ್ತು. ಗೊತ್ತಿಲ್ಲದವಳು ಮೊನ್ನೆ ಬಂದ ಸೊಸೆಯೊಬ್ಬಳೇ. ಅವಳನ್ನೇ ಅಲ್ಲವೇ ತಾನು ಉಪ್ಪಿನ ಡಬ್ಬಿಯಾಗಿ ಎರಡನೆಯ ಜಾಗದಲ್ಲಿ ಇಟ್ಟದ್ದು.

ಸೋಮವಾರ ಬೆಳಿಗ್ಗೆ ಹಾರ್ಲೆಸ್‌ಗೆ ಕಾಫಿ ಕೊಟ್ಟು, ಒಬ್ಬಳೇ ರಾಕಿ ನಾಬಿಗೆ ಹೋದಳು. ಬಿಸಿಲಿತ್ತು, ರಸ್ತೆ ಒಣಗಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಆ ತಿರುವಿನ ಆಚೆ ವಾಹನ ನಿಲ್ಲಿಸಿ ಕಣಿವೆ ನೋಡಲು ಒಂದು ಜಾಗವಿದೆ, ಈಚೆಗೊಂದಿದೆ. ನೆಲ್ಡಾ ಈಚೆಯದರಿಂದ ಹೊರಟು ತಿರುವು ದಾಟಿ ಆಚೆಯದಕ್ಕೆ ಹೋದಳು. ಕಾಲು ಬ್ರೇಕ್ ಒತ್ತಿತು. ಸುತ್ತಿ ಬಂದು ಮತ್ತೆ ಹೋದಳು. ಒತ್ತಿತು. ಗದರಿದಳು, ಬೇಡಿಕೊಂಡಳು, ಬಾಲ್ಯದ ಪ್ರಾರ್ಥನೆಯೊಂದನ್ನು ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಹೇಳಿಕೊಂಡು ಹೋದಳು. ಒಮ್ಮೆ ಗೆದ್ದಳು. ಮರುಸಲ ಮತ್ತೆ ಒತ್ತಿತು.

ಕೊನೆಗೆ ಗಾಡಿ ನಿಲ್ಲಿಸಿ ಕಲ್ಲಿನ ಕಟ್ಟೆಯ ಮೇಲೆ ಕೂತಳು. ಕೆಳಗೆ ಕಣಿವೆಯಲ್ಲಿ ಯಾರದೋ ಟ್ರಾಕ್ಟರು ಇರುವೆಯಂತೆ ಹರಿಯುತ್ತಿತ್ತು. ಭಯ ಅನ್ನುವ ಮಾತನ್ನು ಅವಳು ಆವರೆಗೆ ಮನಸ್ಸಿನಲ್ಲೂ ಆಡಿರಲಿಲ್ಲ. ಈಗ ಆಡಿ ನೋಡಿದಳು. ನನಗೆ ಭಯ. ಆಕಾಶವೇನೂ ಕಳಚಿ ಬೀಳಲಿಲ್ಲ. ವಯಸ್ಸಾದ ಮೇಲೆ ಹೆಂಗಸು ಹೊಸದಾಗಿ ಕಲಿಯುವ ಸಂಗತಿಗಳು ಎಷ್ಟೋ ಇರುತ್ತವೆ. ಮೈಗೆ ತನ್ನದೇ ನೆನಪಿದೆ, ಅದು ಯಜಮಾನಿಯ ಮಾತು ಕೇಳದೆ ತನಗೆ ತೋಚಿದಂತೆ ನಡೆಯುತ್ತದೆ ಅನ್ನುವುದು ಅವುಗಳಲ್ಲೊಂದು. ಅದನ್ನು ಬೈದು ಪ್ರಯೋಜನವಿಲ್ಲ. ಪುಸಲಾಯಿಸಬೇಕು. ಅದಕ್ಕೆ ಕಾಲ ಬೇಕು. ಹೊರಡುವುದಕ್ಕೆ ಉಳಿದಿರುವುದು ಕೆಲವೇ ವಾರ.

ಭಯಕ್ಕಿಂತ ಹೆಚ್ಚಾಗಿ ಅವಳನ್ನು ಚುಚ್ಚಿದ್ದು ಬೇರೆ. ಧಸಕ್ ಅಂತು ಅಂದಳಲ್ಲ ಆ ಹುಡುಗಿ. ಗಾಡಿ ಗೆರೆ ದಾಟಿತಂತೆ. ಎದುರಿನಿಂದ ಯಾರೂ ಬರುತ್ತಿರಲಿಲ್ಲ, ಪುಣ್ಯ. ಮೂವತ್ತು ವರ್ಷ ಒಂದು ಮೊಣಕಾಲು ತರಚದ ಹಾಗೆ ನೋಡಿಕೊಂಡವಳು, ತನ್ನ ಕನ್ನಡಿಯ ಕಡೆ ಕಣ್ಣಿಟ್ಟುಕೊಂಡೇ, ಹಿಂದೆ ಬರುವವಳನ್ನು ಬೀಳಿಸುವುದರಲ್ಲಿದ್ದಳು.

*

"ಬೆನ್ನು ನೋವು ಅಂತ ಹೇಳ್ಬಿಡು," ಅಂದ ಹಾರ್ಲೆಸ್.

ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಬೇಯಿಸಿದ ಹುರುಳಿಕಾಯಿ, ಮೆಕ್ಕೆಜೋಳದ ಬ್ರೆಡ್ಡು. ಎಲ್ಲಿಗೆ ಹೋಗಿದ್ದೆ ಎಂದು ಅವನು ಕೇಳಿರಲಿಲ್ಲ. ಅವಳ ಬೂಟಿಗಂಟಿದ ಕೆಂಪು ಮಣ್ಣನ್ನು ನೋಡಿದ್ದ.

"ಈ ಊರಲ್ಲಿ ಬೆನ್ನುನೋವಿಗೆ ಯಾರೂ ಸಾಕ್ಷಿ ಕೇಳಲ್ಲ. ಬರೋ ವರ್ಷ ಹೋದ್ರಾಯ್ತು. ದಾರಿ ಎಲ್ಲೂ ಓಡಿಹೋಗಲ್ಲ."

ನೆಲ್ಡಾ ಆ ಮಾತನ್ನು ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು ನೋಡಿದಳು. ಮೆತ್ತಗಿತ್ತು, ಸಿಹಿಯಾಗಿತ್ತು. ಬೆನ್ನುನೋವು ಅಂದರೆ ಗ್ಲೆನ್ನಾ ಬಿಸಿನೀರಿನ ಚೀಲ ತಂದುಕೊಡುತ್ತಾಳೆ. ಟ್ವೈಲಾ ನನಗೂ ಬೆನ್ನು ಅನ್ನುತ್ತಾಳೆ. ನಕ್ಷೆ ಮಡಚಿ ಸೆಳೆಖಾನೆ ಸೇರುತ್ತದೆ. ಬರುವ ವರ್ಷ ಇನ್ನೇನಾದರೂ ನೋಯುತ್ತದೆ. ಅವಳು ಮತ್ತೆ ಇದೇ ಕಿಟಕಿಯಲ್ಲಿ ಪಾತ್ರೆ ತೊಳೆಯುತ್ತ, ಯಾರೋ ಒಹಾಯೋದ ಹೆಂಗಸು ದಾರಿಯುದ್ದಕ್ಕೂ ಹೋಗುವುದನ್ನು ನೋಡುತ್ತಾಳೆ.

"ನನ್ನ ಬೆನ್ನು ಚೆನ್ನಾಗಿದೆ," ಅಂದಳು.

"ಮತ್ತೆ?"

"ಮತ್ತೆ ಹೋಗ್ತೀನಿ. ಇಡೀ ದಾರಿ ಹೋಗ್ತೀನಿ, ಹಾರ್ಲೆಸ್. ಹೇಗೆ ಹೋಗೋದು ಅಂತ ಯೋಚನೆ ಮಾಡ್ತಾ ಇದೀನಿ, ಅಷ್ಟೇ. ಬ್ರೆಡ್ಡು ಈ ಕಡೆ ತಳ್ಳು."

ಮುಂದಿನ ಶನಿವಾರ ನಾಲ್ವರೂ ಮತ್ತೆ ಅದೇ ಮೇಜಿಗೆ ಬಂದರು. ನಕ್ಷೆ ಹಾಸಿತ್ತು. ಅದರ ಮೇಲೆ ಡಬ್ಬಿ, ಬಾಟಲಿ, ಜಾಡಿ ಹೋದ ವಾರದ ಸಾಲಿನಲ್ಲೇ ನಿಂತಿದ್ದವು. ಹಾರ್ಲೆಸ್ ವಾರವಿಡೀ ಉಪ್ಪಿಲ್ಲದೆ ಉಂಡಿದ್ದನೋ ಏನೋ.

ಚಹಾ ಬಗ್ಗಿಸಿ ಆದಮೇಲೆ ನೆಲ್ಡಾ ಹೇಳಿದಳು. "ಹೊರಡೋ ಮುಂಚೆ ಜಿಂಕೆ ವಿಷಯ ಮಾತಾಡ್ಬೇಕು."

ಗ್ಲೆನ್ನಾ ನಕ್ಷೆಯ ಮಡಿಕೆ ಸವರಿದಳು.

"ಜಿಂಕೆ ಇರ್ಲಿಲ್ಲ. ಅಕ್ಟೋಬರಲ್ಲಿ ಜಲ್ಲೀನೂ ಇರ್ಲಿಲ್ಲ. ತಿರುವು ಬಿಗಿಯಾದಾಗ ನಂಗೆ ಭಯ ಆಗತ್ತೆ, ಕಾಲು ತಾನೇ ಬ್ರೇಕ್ ಒತ್ತತ್ತೆ. ನಿಲ್ಸಕ್ಕೆ ನೋಡ್ದೆ, ಆಗ್ಲಿಲ್ಲ. ಹೋಗತ್ತೆ ಅದು, ಹೋಗೇ ಹೋಗತ್ತೆ. ಆದ್ರೆ ಈ ಜೂನ್ ಒಳಗೆ ಹೋಗಲ್ಲ."

ಹೇಳಿ ಮುಗಿಸಿ, ಕೈ ಚಾಚಿ, ಮೆಣಸಿನ ಡಬ್ಬಿಯನ್ನು ಸಾಲಿನ ತಲೆಯಿಂದ ಎತ್ತಿ ಎರಡನೆಯ ಜಾಗಕ್ಕೆ ಇಟ್ಟಳು. ಉಪ್ಪಿನ ಡಬ್ಬಿ ಮೂರಕ್ಕೆ ಸರಿಯಿತು. ಮುಂದಿನ ಜಾಗ ಖಾಲಿ ನಿಂತಿತು.

"ಅಯ್ಯೋ ಬಿಡೇ," ಟ್ವೈಲಾ ಅಂದಳು, "ಅಷ್ಟೆಲ್ಲ ಏನಿಲ್ಲ, ಎಲ್ಲರಿಗೂ ಒಂದೊಂದ್ಸಲ..."

"ಟ್ವೈಲಾ. ಸಮಾಧಾನ ಬೇಡ. ಸಾಲು ಬೇಕು."

ನೆಲ್ಡಾ ಜಾಡಿಗೆ ಕೈಹಾಕಿದಳು. ಗ್ಲೆನ್ನಾ ಅದರ ಮುಚ್ಚಳದ ಮೇಲೆ ತನ್ನ ಕೈಯಿಟ್ಟು ಅದುಮಿಬಿಟ್ಟಳು.

"ನಾನು ಮುಂದೆ ಹೋಗಲ್ಲ. ನಂಗೆ ದಾರಿ ಗೊತ್ತಿಲ್ಲ, ಬಂಕ್ ಗೊತ್ತಿಲ್ಲ. ನಾನು ಹಿಂದಿನವಳು."

"ದಾರಿ ಒಂದೇ ಇರೋದು, ತಪ್ಪಿಸ್ಕೋತೀನಿ ಅಂದ್ರೂ ಆಗಲ್ಲ. ಬಂಕ್ ಬಂದಾಗ ನಾನು ಹಾರನ್ ಹೊಡೀತೀನಿ. ಆರು ವರ್ಷ ನನ್ನ ಹಿಂದೆ ಬಂದಿದೀಯ. ಅಕ್ಟೋಬರಿಂದ ನನ್ನ ಕೆಂಪು ದೀಪ ಎಲ್ಲೆಲ್ಲಿ ಹತ್ತತ್ತೆ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?"

"ಕೇಳ್ಬೇಕಿತ್ತಾ? ನಿನ್ನ ಸೊಸೇನೇ ನನ್ನ ಹಿಂದೆ ಕೂರಿಸ್ದೆ. ಆಗಾದ್ರೂ ಬಾಯಿ ಬಿಡಬಾರದಿತ್ತಾ?"

ಗ್ಲೆನ್ನಾಳ ಕತ್ತು ಕೆಂಪಾಯಿತು. "ಹೇಳಿದ್ರೆ ನೀನು ಗಾಡಿ ಮಾರ್ತಿದ್ದೆ," ಅಂದಳು. "ನಂಗೆ ಗೊತ್ತು ನಿನ್ನ ಬುದ್ಧಿ. ಮುಂದೆ ಕೂರಕ್ಕಾಗ್ದೇ ಇದ್ರೆ ಮನೇಲೇ ಕೂತ್ಕೋತೀನಿ ಅನ್ನೋಳು ನೀನು. ಐದನೇ ಕ್ಲಾಸಲ್ಲಿ ನಾಟಕದಲ್ಲಿ ರಾಣಿ ಪಾತ್ರ ಸಿಗ್ಲಿಲ್ಲ ಅಂತ ಹೊಟ್ಟೆನೋವು ಅಂದೋಳಲ್ವಾ? ನೀನು ಗಾಡಿ ಮಾರಿದ್ರೆ ನಾನೆಲ್ಲಿಗೆ ಹೋಗ್ಲಿ? ಆ ಮನುಷ್ಯನ ಜೊತೆ ದಿನವಿಡೀ ಬೇಸ್‌ಬಾಲ್ ನೋಡ್ತಾ ಕೂರ್ಲಾ? ಅದಕ್ಕೇ ಜಿಂಕೆ ಅಂದೆ. ಇನ್ನೂ ಸಾವಿರ ಜಿಂಕೆ ಬೇಕಾದ್ರೂ ಅಂತಿದ್ದೆ."

ಟ್ವೈಲಾಳ ಮೂಗಿನಿಂದ ಚಹಾ ಬಂತು. ನೆಲ್ಡಾಳಿಗೂ ನಗು ಬರುತ್ತಿತ್ತು. ಆದರೆ ಅವಳು ನಗಲಿಲ್ಲ. ಗ್ಲೆನ್ನಾ ಸರಿಯಾಗಿಯೇ ಹೇಳಿದ್ದಳು. ಮೊನ್ನೆ ಮಧ್ಯಾಹ್ನ ಬೆನ್ನುನೋವಿನ ಮಾತು ಅಷ್ಟು ಸಿಹಿಯೆನಿಸಿದ್ದು ಅದಕ್ಕೇ ಅಲ್ಲವೇ.

"ಮಾರಲ್ಲ," ಅಂದಳು. "ಎರಡನೇ ಜಾಗದಲ್ಲಿ ಬರ್ತೀನಿ. ನನ್ನ ವೇಗದಲ್ಲಿ ನೀವೆಲ್ಲ ಬರ್ಬೇಕು. ನಾಲ್ಕು ದಿನಕ್ಕೆ ಆಗ್ಲಿಲ್ಲ ಅಂದ್ರೆ ಐದು ದಿನ. ಇನ್ನೊಂದು ರಾತ್ರಿಗೆ ನಾನು ಜಾಗ ಹುಡುಕ್ತೀನಿ, ಸ್ನಾನದ ತೊಟ್ಟಿ ಇರೋದು. ಕೈ ತೆಗಿ ಗ್ಲೆನ್ನಾ."

ಗ್ಲೆನ್ನಾ ತೆಗೆಯಲಿಲ್ಲ. ಶೇಲಾ ಆಗ ಬಾಯಿಬಿಟ್ಟಳು.

"ಎರಡನೇ ಜಾಗ ಅಂದ್ರೆ ನಿಧಾನದವರ ಜಾಗಾನಾ?"

ಮೂವರೂ ಅವಳತ್ತ ನೋಡಿದರು.

"ಹೂಂ ಕಣಮ್ಮ," ನೆಲ್ಡಾ ಹೇಳಿದಳು. "ನಿನ್ನ ಅಲ್ಲಿಟ್ಟಿದ್ದು ತಪ್ಪು. ನಿನ್ನ ಕೈ ನನ್ನ ಕೈಗಿಂತ ಗಟ್ಟಿ."

ಶೇಲಾ ಉಪ್ಪಿನ ಡಬ್ಬಿಯನ್ನು ಒಂದು ಸುತ್ತು ತಿರುಗಿಸಿದಳು. "ನಂಗೆ ಗೊತ್ತೇ ಆಗ್ಲಿಲ್ಲ. ಒಳ್ಳೆ ಜಾಗ ಕೊಟ್ಟಿದಾರೆ ಅಂದ್ಕೊಂಡಿದ್ದೆ. ಮುಂದಿರೋರ ಬೆನ್ನು ನೋಡ್ಕೊಂಡು ಹೋಗ್ತಾ ಇದ್ರೆ ಏನೂ ಚಿಂತೆ ಇರ್ಲಿಲ್ಲ. ಆ ದೀಪ ಹತ್ತೋವರೆಗೂ."

ನೆಲ್ಡಾಳಿಗೆ ತನ್ನ ಹಳದಿ ಬಸ್ಸು ನೆನಪಾಯಿತು. ಮೂವತ್ತು ವರ್ಷದಲ್ಲಿ ಬಸ್ಸಿನ ಸೀಟಿನ ಮೇಲೆ ಕೂತು ನಿದ್ದೆಹೋದ ಮಕ್ಕಳ ಲೆಕ್ಕವಿಲ್ಲ. ಕನ್ನಡಿಯಲ್ಲಿ ಅವರ ತಲೆಗಳು ಒಬ್ಬರ ಹೆಗಲಿಗೆ ಒಬ್ಬರದು ವಾಲಿರುತ್ತಿದ್ದವು. ತಾನು ಒಮ್ಮೆಯೂ ಹಾಗೆ ಯಾರ ಹಿಂದೆಯೂ ಹೋದವಳಲ್ಲ ಎಂದು ಅವಳಿಗೆ ಮೊದಲ ಬಾರಿ ಹೊಳೆಯಿತು. ಅದು ಹೇಗಿರುತ್ತದೆಂದು ಗೊತ್ತೂ ಇಲ್ಲ.

"ನಾನು ಕೊನೇಲಿ ಬರ್ತೀನಿ," ಟ್ವೈಲಾ ಖಾರದ ಬಾಟಲಿಯನ್ನು ಸಾಲಿನ ತುದಿಗೆ ತಳ್ಳಿದಳು. "ಹಿಂದಿದ್ರೆ ನಿಂತಾಗ ಯಾರಿಗೂ ಕಾಣ್ದೇ ಒಂದು ಸಿಗರೇಟ್ ಸೇದಬಹುದು. ಗ್ಲೆನ್ನಾ, ಕೈ ತೆಗಿಯೇ ಮಾರಾಯ್ತಿ. ಜಾಡಿ ಬಿಸಿಯಾಗ್ತಿದೆ."

ಗ್ಲೆನ್ನಾ ಕೈ ತೆಗೆದಳು. ಜಾಡಿಯನ್ನು ಮಾತ್ರ ನೆಲ್ಡಾಳಿಗೆ ಬಿಡದೆ ತಾನೇ ಎತ್ತಿ, ನಕ್ಷೆಯ ಮೇಲ್ತುದಿಯಲ್ಲಿ, ದಾರಿ ಶುರುವಾಗುವ ಕಡೆ, ಟಪ್ಪೆಂದು ಇಟ್ಟಳು.

"ಒಂದು ಮಾತು," ಅಂದಳು. "ನಾನು ಮುಂದಿದ್ರೆ ಎರಡನೇ ದಿನ ಹಾರ್ಲೆಸ್‌ಗೆ ಹಾರನ್ ಹೊಡೀತೀನಿ. ನನ್ನ ತಮ್ಮ ಅವನು."

ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದಾಯಿತು.

"ಹೊಡಿ," ಅಂದಳು ನೆಲ್ಡಾ. "ನಿಲ್ಲಂಗಿಲ್ಲ."

*

ಜೂನ್ ತಿಂಗಳಲ್ಲಿ ಗುಡ್ಡದ ಮೇಲೆ ರೋಡೊಡೆಂಡ್ರಾನ್ ಪೊದೆಗಳಲ್ಲಿ ಹೂ ಅರಳಿದ ವಾರ ಅವರು ಹೊರಟರು. 

ಅಂಗಳದಲ್ಲಿ ನಾಲ್ಕು ಗಾಡಿಗಳು. ಹಾರ್ಲೆಸ್ ಸೇಬಿನ ಕಡುಬುಗಳನ್ನು ಕಾಗದದಲ್ಲಿ ಸುತ್ತಿ ನಾಲ್ಕೂ ಚೀಲಗಳಿಗೆ ತುಂಬಿದ್ದ. ಈ ನಡುವಿನ ವಾರಗಳಲ್ಲಿ ನೆಲ್ಡಾ ದಿನಾ ಬೆಳಿಗ್ಗೆ ರಾಕಿ ನಾಬಿಗೆ ಹೋಗಿ ಬಂದಿದ್ದಳು. ಕಾಲು ಕೆಲವು ದಿನ ಮಾತು ಕೇಳುತ್ತಿತ್ತು, ಕೆಲವು ದಿನ ಇಲ್ಲ. ಅವಳು ಈಗ ಅದನ್ನು ಬೈಯುತ್ತಿರಲಿಲ್ಲ. ಬಾ, ಇನ್ನೊಂದು ಸಲ ನೋಡೋಣ, ಅನ್ನುತ್ತಿದ್ದಳು, ಒಂದನೇ ಕ್ಲಾಸಿನ ಮಗುವನ್ನು ಬಸ್ಸು ಹತ್ತಿಸುವ ಹಾಗೆ.

ಗ್ಲೆನ್ನಾ ಎಲ್ಲರಿಗಿಂತ ಮುಂದೆ, ದಾರಿಗೆ ಮುಖ ಮಾಡಿ ಗಾಡಿಯ ಮೇಲೆ ಕೂತಿದ್ದಳು. ಬೆನ್ನು ಕೋಲಿನ ಹಾಗೆ ಸೆಟೆದಿತ್ತು. ಅವಳಿಗೂ ಭಯವೆಂದು ನೆಲ್ಡಾಳಿಗೆ ಆ ಬೆನ್ನು ನೋಡಿಯೇ ತಿಳಿಯಿತು. ತನ್ನ ಕೆಂಪು ಗಾಡಿಯನ್ನು ತಂದು ಅವಳ ಹಿಂದೆ, ಸ್ವಲ್ಪ ಬಲಕ್ಕೆ ನಿಲ್ಲಿಸಿದಳು. ಗ್ಲೆನ್ನಾಳಿಗೆ ತನ್ನ ಗಾಡಿಯ ಪುಟ್ಟ ಕನ್ನಡಿಯಲ್ಲಿ ಕಂಡದ್ದು ಹಾರ್ಲೆಸ್‌ನ ಬಟಾಣಿ ಬಳ್ಳಿ, ತಂತಿಯ ಮೇಲಿನ ಟವೆಲ್ಲು, ಒಂದಷ್ಟು ಆಕಾಶ.

ಗ್ಲೆನ್ನಾ ಇಂಜಿನ್ ಚಾಲೂ ಮಾಡಿದಳು. ನೆಲ್ಡಾ ಹಾರನ್ ಹೊಡೆದಳು.

"ಏನೇ?" ಗ್ಲೆನ್ನಾ ಕತ್ತು ತಿರುಗಿಸಿ ಕೂಗಿದಳು. "ಈಗಲೇ ಪೆಟ್ರೋಲಾ?"

"ಕನ್ನಡಿ ಸರಿ ಮಾಡ್ಕೋ. ಬಲಗಡೇದು, ಇನ್ನೂ ಕೆಳಕ್ಕೆ."

ಗ್ಲೆನ್ನಾ ಕನ್ನಡಿಗೆ ಕೈಹಚ್ಚಿದಳು. ಬಳ್ಳಿ ಜಾರಿತು, ಟವೆಲ್ಲು ಜಾರಿತು. ಕೆಂಪು ಟ್ಯಾಂಕು ಬಂತು, ಅದರ ಮೇಲೆ ಎರಡು ಕೈ ಬಂದವು, ಹೆಲ್ಮೆಟ್ಟು ಅರ್ಧ ಬಂತು.

"ಇನ್ನೂ ಸ್ವಲ್ಪ," ನೆಲ್ಡಾ ಹೇಳಿದಳು. "ನಾನು ಪೂರ್ತಿ ಕಾಣೋವರೆಗೂ ಹೊರಡಬೇಡ."